ಅಳತೆ ತಪ್ಪಿದಾಗ ಟೇಪನ್ನು ಓದುವುದು: ಗುರುತುಗಳ ಅರ್ಥ ಮತ್ತು ದೋಷ ಹುಡುಕುವ ಬಗೆ

ಹೋದ ಮಳೆಗಾಲದಲ್ಲಿ ಕುಮಟಾದ ಒಂದು ಹಳೇ ಮನೆಗೆ ಗೋಡೆಗೂಡಿನ ಹಲಗೆ ಮಾಡಿಕೊಟ್ಟೆವು. ನಮ್ಮ ಬಡಗಿ ಶೆಡ್ಡು ಇರುವುದು ಶಿರಸಿಯಲ್ಲಿ. ಅಳತೆ ತರುವುದು, ಇಲ್ಲಿ ಕೊಯ್ದು ಪಾಲಿಶ್ ಮಾಡುವುದು, ದೇವಿಮನೆ ಘಟ್ಟ ಇಳಿಸಿ ಅಲ್ಲಿ ಕೂರಿಸುವುದು. ಒಟ್ಟು ಏಳು ಹಲಗೆ. ಚಿಕ್ಕದು 45 ಸೆಂಟಿಮೀಟರ್, ದೊಡ್ಡದು ಒಂದೂವರೆ ಮೀಟರ್. ಕೂರಿಸಲು ಹೋದರೆ ಏಳೂ ಗಿಡ್ಡ. ಎರಡು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ತೇಗದ ಹಲಗೆ, ಬಿಳಿ ಗೋಡೆ. ಅಂಚಿನಲ್ಲಿ ಕಪ್ಪು ಗೆರೆ ಎದ್ದು ಕಾಣುತ್ತಿತ್ತು.

ಮನೆಯ ಅಜ್ಜಿ ಬಂದು ನೋಡಿ, “ಮಳೆಗೆ ಮರ ಕುಗ್ಗಿತೇನೋ ತಮ್ಮಾ” ಅಂದರು. ಮಳೆಗಾಲದಲ್ಲಿ ಮರ ಕುಗ್ಗುವುದಿಲ್ಲ, ಹಿಗ್ಗುತ್ತದೆ. ಅದೂ ಅಗಲಕ್ಕೆ. ಎಳೆಯ ಉದ್ದಕ್ಕೆ ಮರ ಹೆಚ್ಚುಕಡಿಮೆ ಆಗುವುದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಹಾಗಾಗಿ ಮರದ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ನನ್ನ ಗಮನ ಹೋದದ್ದು ಬೇರೆ ಕಡೆ. 45 ಸೆಂಟಿಮೀಟರಿನ ಹಲಗೆಯೂ ಎರಡು ಮಿಲಿಮೀಟರ್ ಗಿಡ್ಡ, ಒಂದೂವರೆ ಮೀಟರಿನದೂ ಎರಡೇ ಮಿಲಿಮೀಟರ್ ಗಿಡ್ಡ. ಉದ್ದ ಮೂರು ಪಟ್ಟು ಆದರೂ ತಪ್ಪು ಮಾತ್ರ ಅಷ್ಟೇ.

ಆ ಒಂದು ವಿಷಯದಿಂದಲೇ ದೋಷ ಸಿಕ್ಕಿತು. ಟೇಪಿನ ತುದಿಯ ಕೊಕ್ಕೆ ಒಳಕ್ಕೆ ಬಗ್ಗಿತ್ತು.

ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಅಳತೆ ತಪ್ಪಿದರೆ ಯಾರನ್ನೂ ಬೈಯುವ ಮೊದಲು, ಹೊಸ ಹಲಗೆ ಕೊಯ್ಯುವ ಮೊದಲು, ಎಷ್ಟು ತಪ್ಪಿದೆ ಎಂದು ಅಳೆದು ಬರೆದುಕೊಳ್ಳುತ್ತೇವೆ. ಆ ವ್ಯತ್ಯಾಸವೇ ದೋಷದ ಜಾಗ ತೋರಿಸುತ್ತದೆ.

ಮೊದಲು ಬರೆದುಕೊಳ್ಳಿ

ಒಂದೇ ತುಂಡು ನೋಡಿ ತೀರ್ಮಾನ ಮಾಡಬೇಡಿ. ಬೇರೆ ಬೇರೆ ಉದ್ದದ ಮೂರು ತುಂಡಾದರೂ ಬೇಕು. ಪ್ರತಿಯೊಂದಕ್ಕೂ ಎಷ್ಟಿರಬೇಕಿತ್ತು, ಎಷ್ಟಾಗಿದೆ, ಗಿಡ್ಡವೋ ಉದ್ದವೋ ಎಂದು ಬರೆಯಿರಿ. ಇದನ್ನು ಅದೇ ಟೇಪಿನಿಂದ ಮಾಡಬೇಡಿ. ಸ್ಟೀಲ್ ಸ್ಕೇಲೋ ನಂಬಿಕೆಯ ಬೇರೆ ಟೇಪೋ ಇರಲಿ.

ಈಗ ನೋಡಿ. ಎಲ್ಲಾ ತುಂಡಿನಲ್ಲೂ ಒಂದೇ ಅಳತೆಯ ಸಣ್ಣ ತಪ್ಪು ಇದ್ದರೆ ಕೊಕ್ಕೆ ನೋಡಿ. ಉದ್ದ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಿದ್ದರೆ ಪಟ್ಟಿ ಜೋತಿರಬಹುದು, ಬಿಸಿಲಿಗೆ ಕಾದಿರಬಹುದು, ಇಲ್ಲವೇ ಅಡಿಯನ್ನು ಸೆಂಟಿಮೀಟರ್ ಮಾಡುವ ಲೆಕ್ಕ ತಪ್ಪಿರಬಹುದು. ಸರಿಯಾಗಿ 10 ಸೆಂಟಿಮೀಟರ್, ಒಂದು ಇಂಚು, ಒಂದು ಅಡಿ, ಒಂದು ಮೀಟರ್ ಹೀಗೆ ಪೂರ್ತಿ ಸಂಖ್ಯೆಯಲ್ಲಿ ತಪ್ಪಿದ್ದರೆ ಓದುವುದರಲ್ಲಿ ಎಡವಟ್ಟಾಗಿದೆ. ತಪ್ಪು ಒಂದೊಂದು ಸಲ ಒಂದೊಂದು ಥರ ಬಂದರೆ ಟೇಪನ್ನು ಬಿಡಿ, ಪೆನ್ಸಿಲ್ ಮೊನೆ ನೋಡಿ, ಓದುವ ಕಣ್ಣು ನೋಡಿ. ಟೇಪಿನ ಪಟ್ಟಿ ಬಾಗಿರುತ್ತದೆ ಅಲ್ವಾ? ಅದರ ಅಂಚು ಹಲಗೆಯಿಂದ ಮೇಲೆ ನಿಂತಿರುತ್ತದೆ. ಓರೆಯಿಂದ ನೋಡಿದರೆ ಗೆರೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಪಟ್ಟಿಯನ್ನು ಸ್ವಲ್ಪ ಮಗುಚಿ ಅಂಚನ್ನು ಹಲಗೆಗೆ ತಾಗಿಸಿ ಗುರುತು ಹಾಕಿದರೆ ಆ ತೊಂದರೆ ಇಲ್ಲ.

ಅಲುಗಾಡುವ ಕೊಕ್ಕೆ

ಅಂಗಡಿಯಿಂದ ಹೊಸ ಟೇಪು ತಂದವರು ಎಷ್ಟೋ ಜನ ವಾಪಸ್ ಹೋಗಿ, “ಕೊಕ್ಕೆ ಲೂಸ್ ಇದೆ, ಬೇರೆ ಕೊಡಿ” ಎಂದು ಕೇಳುತ್ತಾರೆ. ಅದು ಲೂಸ್ ಇರಲೇಬೇಕು. ಬೇಕೆಂದೇ ಹಾಗೆ ಮಾಡಿರುತ್ತಾರೆ.

ಕಾರಣ ಸರಳ. ಹಲಗೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಎಳೆದರೆ ಸೊನ್ನೆ ಇರಬೇಕಾದದ್ದು ಕೊಕ್ಕೆಯ ಒಳಮೈಯಲ್ಲಿ. ಗೂಡಿನ ಒಳಗೆ ಗೋಡೆಗೆ ಒತ್ತಿ ಅಳೆದರೆ ಸೊನ್ನೆ ಇರಬೇಕಾದದ್ದು ಕೊಕ್ಕೆಯ ಹೊರಮೈಯಲ್ಲಿ. ಎರಡರ ನಡುವೆ ಕೊಕ್ಕೆಯ ದಪ್ಪದಷ್ಟು ವ್ಯತ್ಯಾಸ, ಸುಮಾರು ಒಂದು ಮಿಲಿಮೀಟರ್. ಹಾಗಾಗಿ ಕೊಕ್ಕೆಯ ರಿವೆಟ್ಟಿನ ತೂತನ್ನು ಉದ್ದುದ್ದ ಮಾಡಿರುತ್ತಾರೆ. ಎಳೆದಾಗ ಕೊಕ್ಕೆ ತನ್ನ ದಪ್ಪದಷ್ಟು ಹೊರಗೆ ಬರುತ್ತದೆ, ಒತ್ತಿದಾಗ ಅಷ್ಟೇ ಒಳಗೆ ಹೋಗುತ್ತದೆ. ಎರಡೂ ಅಳತೆ ಸರಿ ಬರುತ್ತವೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಒಳ್ಳೆಯ ಉಪಾಯ ನಾನು ಬೇರೆ ಯಾವ ಉಪಕರಣದಲ್ಲೂ ಕಂಡಿಲ್ಲ.

ತೊಂದರೆ ಬರುವುದು ನಾಲ್ಕು ರೀತಿಯಲ್ಲಿ.

ಕೊಕ್ಕೆ ಒಳಕ್ಕೆ, ಅಂದರೆ ಡಬ್ಬಿಯ ಕಡೆಗೆ ಬಗ್ಗಿದರೆ ಗೂಡಿನ ಒಳ ಅಳತೆ ಸರಿ ಬರುತ್ತದೆ. ಹಲಗೆಗೆ ಸಿಕ್ಕಿಸಿದಾಗ ಮಾತ್ರ ಕೊಕ್ಕೆಯ ತುದಿ ಮೊದಲು ತಾಗಿ, ಸೊನ್ನೆ ಹಲಗೆಯಿಂದ ಆಚೆ ನಿಲ್ಲುತ್ತದೆ. ಕೊಯ್ದ ಹಲಗೆ ಗಿಡ್ಡ. ಕುಮಟಾದಲ್ಲಿ ಆದದ್ದು ಇದೇ.

ಹೊರಕ್ಕೆ ಬಗ್ಗಿದ್ದರೆ ತಿರುಗಾಮುರುಗಾ. ಹಲಗೆಯ ಅಳತೆ ಸರಿ, ಗೂಡಿನ ಒಳ ಅಳತೆ ಕಡಿಮೆ ಬರುತ್ತದೆ. ಕಡಿಮೆ ಅಳತೆಗೆ ಕೊಯ್ದ ಹಲಗೆಯೂ ಗಿಡ್ಡವೇ.

ಕೊಕ್ಕೆ ಅಲುಗಾಡದೆ ಸಿಕ್ಕಿಕೊಂಡರೆ? ಹೊರಗೆ ಎಳೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಒಳ ಅಳತೆ ಒಂದು ಮಿಲಿಮೀಟರ್ ಕಡಿಮೆ ಓದುತ್ತದೆ. ಒಳಗೆ ಒತ್ತಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಹಲಗೆಯ ಮೇಲೆ ಹಾಕಿದ ಗುರುತು ಒಂದು ಮಿಲಿಮೀಟರ್ ಈಚೆಗೆ ಬೀಳುತ್ತದೆ. ಎರಡಕ್ಕೂ ಫಲ ಒಂದೇ, ಗಿಡ್ಡ ಹಲಗೆ.

ರಿವೆಟ್ಟಿನ ತೂತು ಸವೆದು ಕೊಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಆಡುತ್ತಿದ್ದರೆ ಮಾತ್ರ ತುಂಡು ಉದ್ದ ಬರುತ್ತದೆ. ಸಿಕ್ಕಿಸಿ ಎಳೆದರೂ ಉದ್ದ, ಒತ್ತಿ ಅಳೆದರೂ ಉದ್ದ.

ಇಷ್ಟು ನೆನಪಿದ್ದರೆ ಸಾಕು: ತುಂಡುಗಳೆಲ್ಲ ಒಂದೇ ಸಮ ಗಿಡ್ಡ ಆದರೆ ಕೊಕ್ಕೆ ಬಗ್ಗಿದೆ ಅಥವಾ ಸಿಕ್ಕಿಕೊಂಡಿದೆ. ಒಂದೇ ಸಮ ಉದ್ದ ಆದರೆ ತೂತು ಸವೆದಿದೆ.

ಪರೀಕ್ಷೆಗೆ ಎರಡು ನಿಮಿಷ ಸಾಕು. 30 ಸೆಂಟಿಮೀಟರಿನ ಒಂದು ಸ್ಟೀಲ್ ಸ್ಕೇಲು ತೆಗೆದುಕೊಳ್ಳಿ. ಸೊನ್ನೆ ಅಂಚಿನಲ್ಲೇ ಶುರುವಾಗುವಂಥದ್ದು ಇರಬೇಕು. ಶಾಲೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗೆ ಮೊದಲು ಸ್ವಲ್ಪ ಖಾಲಿ ಜಾಗ ಇರುತ್ತದೆ, ಅದು ಬೇಡ. ಸ್ಕೇಲಿನ ತುದಿಗೆ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದು 20ರ ಗೆರೆ 20ರ ಮೇಲೆ ಕೂತಿದೆಯಾ ನೋಡಿ. ಆಮೇಲೆ ಸ್ಕೇಲನ್ನೂ ಟೇಪನ್ನೂ ಜೊತೆಗಿಟ್ಟು ಎರಡನ್ನೂ ಒಂದು ಸಪಾಟಾದ ಹಲಗೆಗೆ ಒತ್ತಿ ಮತ್ತೆ ನೋಡಿ. ಎರಡು ಸಲವೂ ಗೆರೆ ಕೂತರೆ ಕೊಕ್ಕೆ ಸರಿ ಇದೆ. ಒಂದು ಸಲ ಮಾತ್ರ ತಪ್ಪಿದರೆ ಮೇಲೆ ಹೇಳಿದ್ದರಲ್ಲಿ ಯಾವುದೆಂದು ನಿಮಗೇ ಗೊತ್ತಾಗುತ್ತದೆ.

ಬಗ್ಗಿದ ಕೊಕ್ಕೆಯನ್ನು ಇಕ್ಕಳದಲ್ಲಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಮೂಲೆಮಟ್ಟ ಹಿಡಿದು ನೋಡಿಕೊಂಡು ಮಾಡಿ. ಸಿಕ್ಕಿಕೊಂಡ ಕೊಕ್ಕೆಯ ಅಡಿಯಲ್ಲಿ ಹೆಚ್ಚಾಗಿ ಒಣಗಿದ ಅಂಟು, ಗರಗಸದ ಹುಡಿ ಕೂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಮ್ಯಾಗ್ನೆಟ್ ಇರುವ ಕೊಕ್ಕೆ ಆದರೆ ವೆಲ್ಡಿಂಗ್ ಶಾಪಿಗೆ ಹೋಗಿ ಬಂದಾಗೆಲ್ಲ ಕಬ್ಬಿಣದ ಹುಡಿ ಹಿಡಿದುಕೊಂಡು ಬಂದಿರುತ್ತದೆ, ಒರೆಸಿ. ತೂತು ಸವೆದಿದ್ದರೆ ರಿಪೇರಿ ಇಲ್ಲ.

ಒಂದನ್ನು ಮಾತ್ರ ಖಂಡಿತ ಮಾಡಬೇಡಿ. ಕೊಕ್ಕೆ ಅಲುಗಾಡುತ್ತದೆ ಎಂದು ರಿವೆಟ್ಟಿಗೆ ಸುತ್ತಿಗೆಯಲ್ಲಿ ಬಡಿಯಬೇಡಿ. ನಮ್ಮಲ್ಲಿ ಕೆಲಸ ಕಲಿಯಲು ಬಂದ ಒಬ್ಬ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಶೆಡ್ಡಿನ ಮೂರು ಟೇಪುಗಳನ್ನೂ ಹೀಗೆ ಬಿಗಿ ಮಾಡಿಟ್ಟಿದ್ದ. ಅವನ ತಪ್ಪು ಎಂದು ನಾನು ಹೇಳುವುದಿಲ್ಲ. ಕೊಕ್ಕೆ ಯಾಕೆ ಅಲುಗಾಡುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕೊಕ್ಕೆಯ ನಡುವೆ ಒಂದು ಸೀಳು ಇರುತ್ತದೆ. ಅದು ಮೊಳೆಯ ತಲೆಗೆ ಸಿಕ್ಕಿಸಲು. ಒಬ್ಬರೇ ಇದ್ದಾಗ ಮೊಳೆ ಹೊಡೆದು ಸಿಕ್ಕಿಸಿ ಉದ್ದ ಅಳೆಯಬಹುದು. ಅದನ್ನೇ ನಡು ಮಾಡಿ ಸುತ್ತು ಬಳಿದರೆ ವೃತ್ತ ಬರುತ್ತದೆ. ವೃತ್ತ ಬಳಿದ ಮೇಲೆ ಅಡ್ಡಳತೆ ಒಮ್ಮೆ ನೋಡಿಕೊಳ್ಳಿ, ಮೊಳೆಯ ದಪ್ಪದಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆಗಿರುತ್ತದೆ. ಕೆಲವು ಕೊಕ್ಕೆಯ ಅಡಿ ಅಂಚಿನಲ್ಲಿ ಗರಗಸದಂಥ ಹಲ್ಲು ಇರುತ್ತದೆ. ಪೆನ್ಸಿಲ್ ಕೈಗೆ ಸಿಗದಾಗ ಅದರಿಂದ ಹಲಗೆ ಮೇಲೆ ಗೀರು ಹಾಕಬಹುದು.

ಪೂರ್ತಿ ಸಂಖ್ಯೆಯಲ್ಲಿ ತಪ್ಪಿದರೆ

ತಪ್ಪು ಆರೇಳು ಸೆಂಟಿಮೀಟರ್ ಇದ್ದರೆ ಟೇಪಿನ ಡಬ್ಬಿಯನ್ನು ತಿರುಗಿಸಿ ನೋಡಿ. ಅಡಿಭಾಗದಲ್ಲೋ ಬದಿಯಲ್ಲೋ +70 ಅಥವಾ +75 ಎಂಬಂಥ ಸಂಖ್ಯೆ, ಬಾಣದ ಗುರುತಿನ ಜೊತೆ ಇರಬಹುದು. ಅದು ಡಬ್ಬಿಯ ಉದ್ದ, ಮಿಲಿಮೀಟರಿನಲ್ಲಿ. ಕಿಟಕಿಯ ಒಳ ಅಳತೆ ತೆಗೆಯುವಾಗ ಪಟ್ಟಿಯನ್ನು ಮೂಲೆಯಲ್ಲಿ ಬಗ್ಗಿಸಿ ಅಂದಾಜಿನಲ್ಲಿ ಓದುವ ಬದಲು, ಡಬ್ಬಿಯ ಬೆನ್ನನ್ನು ಆಚೆ ಬದಿಗೆ ತಾಗಿಸಿ, ಬಾಯಿಯ ಹತ್ತಿರ ಇರುವ ಸಂಖ್ಯೆ ಓದಿ, ಅದಕ್ಕೆ ಡಬ್ಬಿಯ ಉದ್ದ ಕೂಡಿಸಬೇಕು. ಕೂಡಿಸಲು ಮರೆತರೆ ಡಬ್ಬಿಯಷ್ಟೇ ಗಿಡ್ಡ. ಅಳೆದವರೂ ಕೂಡಿಸಿ ಕೊಯ್ಯುವವರೂ ಕೂಡಿಸಿದರೆ ಡಬ್ಬಿಯಷ್ಟೇ ಉದ್ದ. ಚೀಟಿಯಲ್ಲಿ “ಡಬ್ಬಿ ಸೇರಿ” ಎಂದು ಬರೆದರೆ ಈ ತೊಂದರೆ ಇಲ್ಲ.

ಸರಿಯಾಗಿ 10 ಸೆಂಟಿಮೀಟರ್ ಅಥವಾ ಒಂದು ಇಂಚು ತಪ್ಪಿದ್ದರೆ, ಯಾರೋ ಕೊಕ್ಕೆಯನ್ನು ನಂಬದೆ 10ರ ಗೆರೆಯಿಂದಲೋ ಒಂದು ಇಂಚಿನ ಗೆರೆಯಿಂದಲೋ ಅಳೆದು, ಕೊನೆಗೆ ಕಳೆಯಲು ಮರೆತಿದ್ದಾರೆ. ಗೂಡನ್ನು ಹೀಗೆ ಅಳೆದಿದ್ದರೆ ಹಲಗೆ 10 ಉದ್ದ ಬರುತ್ತದೆ. ಹಲಗೆಗೆ ಹೀಗೆ ಗುರುತು ಹಾಕಿದ್ದರೆ 10 ಗಿಡ್ಡ. ಪದ್ಧತಿ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ 1ರಿಂದ ಶುರು ಮಾಡುವುದಕ್ಕಿಂತ 10ರಿಂದ ಶುರು ಮಾಡುವುದು ಮೇಲು. ಒಂದು ಸೆಂಟಿಮೀಟರ್ ತಪ್ಪಿದರೆ ಕಣ್ಣಿಗೆ ಬೀಳುವುದಿಲ್ಲ, ಹತ್ತು ತಪ್ಪಿದರೆ ಕೊಯ್ಯುವ ಮೊದಲೇ ಕೈ ನಿಲ್ಲುತ್ತದೆ.

ಒಂದು ಅಡಿ ಅಥವಾ ಒಂದು ಮೀಟರ್ ತಪ್ಪಿದ್ದರೆ ಕೆಂಪು ಅಕ್ಷರ ಓದಿಲ್ಲ ಎಂದೇ ಅರ್ಥ. ಕೆಲವು ಟೇಪಿನಲ್ಲಿ 12 ಇಂಚು ಆದ ಮೇಲೆ 13, 14 ಎಂದು ಮುಂದುವರಿಯುತ್ತದೆ. ಕೆಲವದರಲ್ಲಿ ಕೆಂಪಿನಲ್ಲಿ 1 ಅಡಿ ಎಂಬ ಗುರುತು ಬಂದು ಮತ್ತೆ 1, 2, 3 ಎಂದು ಶುರುವಾಗುತ್ತದೆ. ಮೀಟರಿನ ಕಡೆಯೂ ಹಾಗೇ. ಕೆಲವು 110, 120 ಎಂದು ಹೋಗುತ್ತವೆ, ಕೆಲವು ಕೆಂಪು ಮೀಟರ್ ಗುರುತಿನ ನಂತರ 10, 20 ಎಂದು ಮತ್ತೆ ಶುರು ಮಾಡುತ್ತವೆ. ಶೆಡ್ಡಿನಲ್ಲಿ ಎರಡು ಜಾತಿಯ ಟೇಪು ಇದ್ದರೆ ಈ ತಪ್ಪು ಇವತ್ತಲ್ಲ ನಾಳೆ ಆಗೇ ಆಗುತ್ತದೆ. ನಾವು ಈಗ ಎಲ್ಲರಿಗೂ ಒಂದೇ ಥರದ್ದು ತಂದಿದ್ದೇವೆ.

ಇನ್ನು ಫೋನಿನಲ್ಲಿ ಹೇಳುವ ಅಳತೆ. ದೇಶಕ್ಕೆ ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲೇ ಬಂದರೂ ನಮ್ಮ ಕಡೆ ಬಡಗಿಯ ಬಾಯಲ್ಲಿ ಇವತ್ತಿಗೂ ಅಡಿ, ಇಂಚು, ನೂಲು. ಎಂಟು ನೂಲಿಗೆ ಒಂದು ಇಂಚು. ಕಾರವಾರದ ಸೈಟುಗಳಲ್ಲಿ ಉತ್ತರದ ಕಡೆಯಿಂದ ಬಂದ ಬಡಗಿಗಳು ಸೂತ್ ಅನ್ನುತ್ತಾರೆ. ಎರಡೂ ಒಂದೇ. ತೊಂದರೆ ಅದರಲ್ಲಿಲ್ಲ, “ಪಾಯಿಂಟ್” ಎಂಬ ಮಾತಿನಲ್ಲಿದೆ. ಮನೆಯವರು “ಐದು ಪಾಯಿಂಟ್ ಎಂಟು” ಅಂದರೆ ಐದು ಅಡಿ ಎಂಟು ಇಂಚು ಅನ್ನುವ ಅರ್ಥದಲ್ಲಿ ಹೇಳಿರುತ್ತಾರೆ, ಅದು 68 ಇಂಚು. ಕ್ಯಾಲ್ಕ್ಯುಲೇಟರಿಗೆ 5.8 ಹಾಕಿ 12ರಿಂದ ಗುಣಿಸಿದರೆ 69.6 ಇಂಚು ಬರುತ್ತದೆ. ಒಂದೂವರೆ ಇಂಚಿಗಿಂತ ಜಾಸ್ತಿ ವ್ಯತ್ಯಾಸ. “ಐದು ಪಾಯಿಂಟ್ ಹತ್ತು” ಅಂದರೆ ಇನ್ನೂ ಕಷ್ಟ. ನಾವು ಈಗ ಫೋನಿನಲ್ಲಿ ಅಳತೆ ತೆಗೆದುಕೊಳ್ಳುವುದಿದ್ದರೆ ಮಿಲಿಮೀಟರಿನಲ್ಲೇ ಹೇಳಿ ಅನ್ನುತ್ತೇವೆ. ಗೊತ್ತಾಗದಿದ್ದರೆ ಟೇಪು ಹಿಡಿದು ಫೋಟೋ ತೆಗೆದು ಕಳಿಸಿ, ತುದಿಯೂ ಕಾಣಬೇಕು, ಸಂಖ್ಯೆಯೂ ಕಾಣಬೇಕು.

ತಪ್ಪು ಬರೀ ಒಂದು ಅಡಿಯ ಒಳಗಿನ ಸಣ್ಣ ತುಂಡುಗಳಲ್ಲಿ ಮಾತ್ರ ಬರುತ್ತಿದೆಯಾ? ಹಾಗಿದ್ದರೆ ಟೇಪಿನ ಮೊದಲ ಅಡಿಯ ಇಂಚಿನ ಕಡೆ ನೋಡಿ. ಸಾಮಾನ್ಯವಾಗಿ ಒಂದು ಇಂಚಿನಲ್ಲಿ 16 ಭಾಗ, ಅಂದರೆ ಒಂದೊಂದು ಗೆರೆ ಅರ್ಧ ನೂಲು. ಕೆಲವು ಟೇಪಿನಲ್ಲಿ ಮೊದಲ ಅಡಿಗೆ ಮಾತ್ರ 32 ಭಾಗ ಮಾಡಿ ಗೆರೆ ಒತ್ತೊತ್ತಾಗಿ ಹಾಕಿರುತ್ತಾರೆ. ಅಲ್ಲಿ ಗೆರೆ ಎಣಿಸಿ ಅರ್ಧ ನೂಲು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಗೆರೆ ಎಣಿಸಬೇಡಿ, ಗೆರೆಯ ಎತ್ತರ ನೋಡಿ. ಅರ್ಧ ಇಂಚಿನ ಗೆರೆ ಎಲ್ಲಕ್ಕಿಂತ ಉದ್ದ, ಕಾಲು ಇಂಚಿನದು ಅದಕ್ಕಿಂತ ಗಿಡ್ಡ, ನೂಲಿನದು ಇನ್ನೂ ಗಿಡ್ಡ.

ಕೆಂಪು ಚೌಕ, ಕಪ್ಪು ವಜ್ರ

ಹೊನ್ನಾವರದ ಕಡೆ ಒಂದು ಮನೆಯ ಹಿಂದೆ ಹಂಚಿನ ಮಾಡು ಕಟ್ಟುವ ಕೆಲಸ ನಡೆದಿತ್ತು. ಪಕಾಸುಗಳ, ಅಂದರೆ ಮಾಡಿನ ಇಳಿಜಾರಿಗೆ ಹಾಕುವ ಮರಗಳ ನಡುವೆ ಒಂದೂವರೆ ಅಡಿ ಅಂತರ ಎಂದು ಮಾತಾಗಿತ್ತು. ಟೇಪು ಮನೆಯವರದ್ದು, ಅಮೆರಿಕದಲ್ಲಿರುವ ಮಗ ತಂದುಕೊಟ್ಟದ್ದು. ಪಟ್ಟಿಯ ಮೇಲೆ ಅಲ್ಲಲ್ಲಿ ಕಪ್ಪು ವಜ್ರದಂಥ ಚಿಕ್ಕ ಗುರುತು. ಮೊದಲ ವಜ್ರ ಹತ್ತೊಂಬತ್ತರ ಹತ್ತಿರ ಇತ್ತು. ಕೆಲಸಕ್ಕೆ ಬಂದವರು ಅದನ್ನೇ ಒಂದೂವರೆ ಅಡಿಯ ಗುರುತು ಎಂದುಕೊಂಡು ವಜ್ರಕ್ಕೊಂದು ಪಕಾಸು ಗುರುತು ಮಾಡುತ್ತಾ ಹೋದರು. ಐದನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಅಡಿ ಮುಂದೆ ಹೋಗಿತ್ತು.

ಆ ವಜ್ರ ಇರುವುದು 19.2 ಇಂಚಿಗೆ. ಎಂಟು ಅಡಿಯನ್ನು, ಅಂದರೆ 96 ಇಂಚನ್ನು ಐದು ಸಮಪಾಲು ಮಾಡಿದರೆ ಒಂದೊಂದು ಪಾಲು 19.2 ಇಂಚು. ಅಮೆರಿಕದಲ್ಲಿ ಮನೆಯ ಗೋಡೆ, ನೆಲ, ಮಾಡು ಹೆಚ್ಚಾಗಿ ಮರದ ಚೌಕಟ್ಟಿನವು. ಅದರ ಮೇಲೆ ಹೊಡೆಯುವ ಶೀಟು ಎಂಟು ಅಡಿಯದು. ಶೀಟಿನ ತುದಿ ಗಾಳಿಯಲ್ಲಿ ನಿಲ್ಲದೆ ಮರದ ಮೇಲೇ ಕೂರಬೇಕು. ಹಾಗಾಗಿ ಎಂಟು ಅಡಿಯನ್ನು ಸಮ ಭಾಗಿಸುವ ಅಂತರಗಳೇ ಅವರಿಗೆ ಬೇಕು. 16 ಇಂಚಿಗೊಂದು ಇಟ್ಟರೆ ಆರು ಪಾಲು. ಕೆಂಪು ಚೌಕದಲ್ಲಿ 16, 32, 48, 64 ಎಂದು ಬರುವುದು ಅದಕ್ಕೇ. 24 ಇಂಚಿಗೊಂದು ಇಟ್ಟರೆ ನಾಲ್ಕು ಪಾಲು. ನಡುವಿನದು, ಐದು ಪಾಲಿನದು, ಈ ವಜ್ರ. ನೆಲದ ತೊಲೆಗಳಿಗೆ ಹೆಚ್ಚು.

ನಮ್ಮಲ್ಲಿ ಗೋಡೆ ಚಿರೇಕಲ್ಲಿನದು, ಮಾಡಿಗೆ ಹಂಚು. ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ ರೀಪಿನ ಅಂತರ ತೀರ್ಮಾನ ಮಾಡುವುದು ಹಂಚಿನ ಅಳತೆ, ಟೇಪಿನ ಗುರುತಲ್ಲ. ನಾಲ್ಕು ಹಂಚು ಜೋಡಿಸಿ ಅಳೆದು ನೋಡಿಯೇ ರೀಪು ಹೊಡೆಯಬೇಕು. ಆದರೆ ವಜ್ರ ನಮಗೆ ಸುಮ್ನೆ ದಂಡ ಎಂದೂ ಅಲ್ಲ. ನಮ್ಮ ಪ್ಲೈವುಡ್ಡೂ ಎಂಟು ಅಡಿ, ನಾಲ್ಕು ಅಡಿಯದೇ. ಎಂಟು ಅಡಿ ಎತ್ತರದ ಕಪಾಟಿಗೆ ಐದು ಖಾನೆ ಬೇಕಿದ್ದರೆ ವಜ್ರ ನೋಡಿ ಹಲಗೆಯ ನಡುಗೆರೆ ಗುರುತು ಹಾಕಬಹುದು, ಲೆಕ್ಕ ಬೇಕಿಲ್ಲ. ಶೀಟು 2440 ಮಿಲಿಮೀಟರ್, ಎಂಟು ಅಡಿ 2438.4. ಒಂದೂವರೆ ಮಿಲಿಮೀಟರ್ ಉಳಿಯುತ್ತದೆ, ಅದನ್ನು ಕೊನೆಯ ಖಾನೆಗೆ ಬಿಡಿ.

ಭಟ್ಕಳದಿಂದ ಕಾರವಾರದವರೆಗೆ ಮನೆಗೊಬ್ಬರು ಹೊರದೇಶದಲ್ಲಿರುವ ಕಾರಣ ಇನ್ನೊಂದು ಜಾತಿಯ ಟೇಪೂ ನಮ್ಮ ಕಡೆ ಕಾಣುತ್ತದೆ. ಸೆಂಟಿಮೀಟರ್ ಗೆರೆಯ ಜೊತೆಗೆ ಕೆಂಪು, ಕಪ್ಪು ಚೀನೀ ಅಕ್ಷರಗಳ ಎರಡು ಸಾಲು. ಅದು ಅವರ ವಾಸ್ತು ಲೆಕ್ಕ. ಒಂದು ಸಾಲು 42.9 ಸೆಂಟಿಮೀಟರಿಗೆ ಎಂಟು ಮನೆಗಳಾಗಿ, ಅಂದರೆ ಎಂಟು ಭಾಗಗಳಾಗಿ ಸುತ್ತುತ್ತದೆ, ಬಾಗಿಲು, ಮೇಜು, ಮಂಚಕ್ಕೆ. ಇನ್ನೊಂದು 38.8 ಸೆಂಟಿಮೀಟರಿಗೆ ಹತ್ತು ಮನೆ, ಹಿರಿಯರ ಪೂಜೆಗೆ, ಸಮಾಧಿಗೆ ಸಂಬಂಧಿಸಿದ್ದಕ್ಕೆ. ಕೆಂಪು ಒಳ್ಳೆಯದು, ಕಪ್ಪು ಒಳ್ಳೆಯದಲ್ಲ. ನಮ್ಮಲ್ಲೂ ದಾರಂದಕ್ಕೆ ಆಯ ನೋಡಿಯೇ ಅಳತೆ ಇಡುತ್ತೇವೆ, ಹಾಗಾಗಿ ಆ ಸಾಲು ನೋಡಿದಾಗ ನನಗೆ ಪರಕೀಯ ಅನ್ನಿಸಲಿಲ್ಲ. ಅಳತೆ ಓದುವಾಗ ಮಾತ್ರ ಸಂಖ್ಯೆಯ ಸಾಲನ್ನೇ ಓದಿ. ಆ ಮನೆಗಳ ಗೆರೆಗೆ ಗುರುತು ಹಾಕಿದರೆ ಯಾವ ಲೆಕ್ಕಕ್ಕೂ ಹೊಂದದ ತಪ್ಪು ಬರುತ್ತದೆ.

ಉದ್ದ ಹೆಚ್ಚಿದಂತೆ ತಪ್ಪು ಹೆಚ್ಚಿದರೆ

ಮೊದಲು ತಪ್ಪನ್ನು ಅಡಿಯ ಲೆಕ್ಕದಲ್ಲಿ ಭಾಗಿಸಿ. ಅಡಿಗೆ ಸುಮಾರು ಐದು ಮಿಲಿಮೀಟರ್ ಬಂದರೆ ಟೇಪು ಸರಿ ಇದೆ. ಯಾರೋ ಒಂದು ಅಡಿ ಅಂದರೆ 30 ಸೆಂಟಿಮೀಟರ್ ಎಂದು ಲೆಕ್ಕ ಹಾಕಿದ್ದಾರೆ. ಸರಿಯಾದದ್ದು 30.48. ಇಂಚು 25.4 ಮಿಲಿಮೀಟರ್, 1959ರಿಂದ ಇಂಚಿನ ಅರ್ಥವೇ ಅಷ್ಟು. ಅದನ್ನು 25 ಎಂದರೆ ಐದು ಅಡಿಗೆ 24 ಮಿಲಿಮೀಟರ್ ಕಳೆದುಹೋಗುತ್ತದೆ.

ತಪ್ಪು ಅದಕ್ಕಿಂತ ತುಂಬಾ ಚಿಕ್ಕದಾಗಿದ್ದು, ತುಂಡು ಉದ್ದ ಬಂದಿದ್ದರೆ ಪಟ್ಟಿ ಜೋತಿದೆ ಅಥವಾ ಓರೆಯಾಗಿದೆ. ಐದು ಮೀಟರ್ ಎಳೆದ ಪಟ್ಟಿ ನಡುವೆ 10 ಸೆಂಟಿಮೀಟರ್ ಜೋತರೆ ಐದು ಮಿಲಿಮೀಟರ್ ಜಾಸ್ತಿ ಓದುತ್ತದೆ. ಮೂರು ಮೀಟರಿನಲ್ಲಿ ಒಂದು ತುದಿ 10 ಸೆಂಟಿಮೀಟರ್ ಮೇಲೆ ಕೆಳಗಾದರೆ ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ. ಉದ್ದ ಅಳತೆಗೆ ನಡುವೆ ಒಬ್ಬರು ಕೈ ಕೊಡಲಿ.

ತುಂಡು ಗಿಡ್ಡ ಬಂದಿದ್ದರೆ ಬಿಸಿಲು ಕಾರಣ ಇರಬಹುದು. ಪಟ್ಟಿಯ ಆರಂಭದಲ್ಲಿ ಸಣ್ಣ ಅಕ್ಷರದಲ್ಲಿ 20 ಡಿಗ್ರಿ ಸೆಲ್ಸಿಯಸ್ ಎಂದು ಕೆಲವು ಟೇಪಿನಲ್ಲಿ ಬರೆದಿರುತ್ತದೆ. ಗೆರೆಗಳು ಸರಿ ಇರುವುದು ಆ ಶಾಖದಲ್ಲಿ ಎಂದು ಅರ್ಥ. ಕಾರವಾರದಲ್ಲಿ ಏಪ್ರಿಲ್ ತಿಂಗಳು, ಸ್ಲ್ಯಾಬಿನ ಮೇಲೆ ಬಿಟ್ಟ ಟೇಪು 45 ಡಿಗ್ರಿಗೆ ಕಾದರೆ ಐದು ಮೀಟರಿಗೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟು ಕಡಿಮೆ ಓದುತ್ತದೆ. ಅಲ್ಲಿ ಅಳೆದು ಶಿರಸಿಯ ತಂಪಿನಲ್ಲಿ ಕೊಯ್ದರೆ ತುಂಡು ಗಿಡ್ಡ. ಕಪಾಟಿಗೆ ಇದು ಲೆಕ್ಕಕ್ಕಿಲ್ಲ. ಗೋಡೆಯಿಂದ ಗೋಡೆಗೆ ಒಂದೇ ತುಂಡು ಕೂರಿಸುವಾಗ ಲೆಕ್ಕಕ್ಕಿದೆ.

ಅದೇ ಜಾಗದಲ್ಲಿ ಒಂದು ಅಂಡಾಕಾರದೊಳಗೆ ರೋಮನ್ ಅಂಕಿ ಇರುತ್ತದೆ, ಒಂದು, ಎರಡು ಅಥವಾ ಮೂರು. ಅದು ನಿಖರತೆಯ ದರ್ಜೆ. ಐದು ಮೀಟರಿಗೆ ಮೊದಲ ದರ್ಜೆಯದು ಆಚೀಚೆ 0.6 ಮಿಲಿಮೀಟರ್ ತಪ್ಪಬಹುದು, ಎರಡನೆಯದು 1.3, ಮೂರನೆಯದು 2.6. ಹಾಗಾಗಿ ಎರಡನೇ ದರ್ಜೆಯ ಎರಡು ಒಳ್ಳೆಯ ಟೇಪುಗಳೇ ಐದು ಮೀಟರಿನ ತುದಿಯಲ್ಲಿ ಎರಡೂವರೆ ಮಿಲಿಮೀಟರ್ ಬೇರೆ ಬೇರೆ ಹೇಳಬಹುದು, ಎರಡರಲ್ಲೂ ದೋಷ ಇಲ್ಲ. ಪಕ್ಕದಲ್ಲಿ ಎಂ ಅಕ್ಷರ ಮತ್ತು ಎರಡು ಅಂಕಿ ಇದ್ದರೆ ಅದು ಯುರೋಪಿನ ಅಳತೆ ನಿಯಮದ ಗುರುತು, ಅಂಕಿ ವರ್ಷದ್ದು. ದರ್ಜೆಯ ಗುರುತೇ ಇಲ್ಲದ ಟೇಪನ್ನು ನಾನು ಕೊಳ್ಳುವುದಿಲ್ಲ. ಮನೆಯಲ್ಲಿ ಅಳೆದ ಟೇಪಿನಲ್ಲೇ ಶೆಡ್ಡಿನಲ್ಲೂ ಗುರುತು ಹಾಕಿ, ಅರ್ಧ ತೊಂದರೆ ಅಲ್ಲಿಗೇ ಹೋಗುತ್ತದೆ.

ತೋಟ, ಜಾಗ ಅಳೆಯುವ 30 ಮೀಟರಿನ ಟೇಪಿಗೆ ಬೇರೆಯೇ ಗಮನ ಬೇಕು. ಅದರ ಸೊನ್ನೆ ಎಲ್ಲಿದೆ ಎಂದು ಮೊದಲು ನೋಡಿ. ಕೆಲವದರಲ್ಲಿ ತುದಿಯ ಬಳೆಯ ಹೊರ ಅಂಚೇ ಸೊನ್ನೆ, ಕೆಲವದರಲ್ಲಿ ಸ್ವಲ್ಪ ಖಾಲಿ ಪಟ್ಟಿ ಬಿಟ್ಟು ಸೊನ್ನೆ. ಅದರ ಮೇಲೆ 50 ಎನ್ ಎಂದು ಬರೆದಿದ್ದರೆ ಸುಮಾರು ಐದು ಕಿಲೋ ತೂಕದಷ್ಟು ಬಿಗಿಯಾಗಿ ಎಳೆಯಬೇಕು ಎಂದು ಅರ್ಥ. ಫೈಬರ್ ಟೇಪನ್ನು ಬಲವಾಗಿ ಜಗ್ಗಿದರೆ ಅದೇ ಹಿಗ್ಗಿ ಕಡಿಮೆ ಓದುತ್ತದೆ. ಒಂದು ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ. ಅಡಿಕೆ ತೋಟದ ಬೇಲಿಯಲ್ಲಿ ಸೊನ್ನೆ ನಾಲ್ಕಿಂಚು ತಪ್ಪಿದರೆ ಇಬ್ಬರು ಅಕ್ಕಪಕ್ಕದವರ ನಡುವೆ ಮಾತು ಬೆಳೆಯುತ್ತದೆ.

ಕಡಲ ಗಾಳಿ

ಘಟ್ಟದ ಮೇಲೆ ಟೇಪು ಸವೆದು ಸಾಯುತ್ತದೆ, ಕರಾವಳಿಯಲ್ಲಿ ತುಕ್ಕು ಹಿಡಿದು ಸಾಯುತ್ತದೆ. ಪಟ್ಟಿ ಒಳಗೆ ಹೋಗಲು ಒದ್ದಾಡುತ್ತಿದ್ದರೆ ಪೂರ್ತಿ ಎಳೆದು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ ಒಳಗೆ ಬಿಡಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಅಂಟಾಗಿ ಮರಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಎರಡು ಹನಿ ಹಾಕಿ ಪಟ್ಟಿಗೆ ಸವರಿದರೆ ಸಾಕು. ಒಳಗೆ ಬಿಡುವಾಗ ಕೊಕ್ಕೆ ಟಪ್ ಎಂದು ಬಡಿಯದ ಹಾಗೆ ಬೆರಳಲ್ಲಿ ತಡೆಯಿರಿ. ತೂತು ಸವೆಯುವುದು ಆ ಬಡಿತಕ್ಕೇ. ಮೊದಲ 30 ಸೆಂಟಿಮೀಟರಿನ ಗೆರೆ ಅಳಿಸಿದ್ದರೆ, ಅಥವಾ ಪಟ್ಟಿ ಒಂದು ಕಡೆ ಮುರಿದ ಹಾಗೆ ಮಡಚಿಕೊಂಡಿದ್ದರೆ ಅದನ್ನು ಅಳತೆಗೆ ಬಳಸಬೇಡಿ.

ಕುಮಟಾದ ಏಳು ಹಲಗೆಗಳ ಎರಡೂ ತುದಿಗೆ ಅದೇ ತೇಗದ ತೆಳು ಪಟ್ಟಿ ಅಂಟಿಸಿ, ಗೂಡಿನಲ್ಲಿ ಇಟ್ಟು ನೋಡುತ್ತಾ ಕೀಸಿ, ದೀಪಾವಳಿಗೆ ಮೊದಲು ಕೂರಿಸಿದೆವು. ಆ ಟೇಪಿನ ಕೊಕ್ಕೆ ನೆಟ್ಟಗೆ ಮಾಡಿದ ಮೇಲೆ ಸ್ಕೇಲಿನ ಮೇಲೆ ಎರಡೂ ಪರೀಕ್ಷೆ ಸರಿ ಬಂತು. ಈಗಲೂ ಶೆಡ್ಡಿನಲ್ಲಿದೆ. ಪ್ರತಿ ಸೋಮವಾರ ಬೆಳಿಗ್ಗೆ ಗರಗಸ ಶುರು ಮಾಡುವ ಮೊದಲು, ರಿವೆಟ್ಟು ಬಿಗಿ ಮಾಡಿದ್ದ ಆ ಹುಡುಗನೇ ಎಲ್ಲಾ ಟೇಪುಗಳನ್ನೂ ಸ್ಕೇಲಿಗೆ ಹಿಡಿದು ನೋಡುತ್ತಾನೆ.